ಓದಿ ಕೇಳಿಸಿದ ವಿಳಾಸ

ಕೊಟ್ರಪ್ಪನವರು ಮೂವತ್ತೆರಡು ವರ್ಷ ಸಿವಿಲ್ ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿದ್ದರು. ಅಷ್ಟೂ ವರ್ಷ ತಾವು ಹೊಡೆದ ಕಾಗದಗಳಲ್ಲಿ ಒಂದೇ ಒಂದರಲ್ಲಿ ಏನಿತ್ತೆಂದು ಕೇಳಿದರೂ ಅವರು ಹೇಳಲಾರರು. ಪಾಲಿನ ಜಗಳ, ಗಂಡ-ಹೆಂಡಿರ ಸೋಡಚೀಟಿ, ಬಾವಿಗೆ ಬಿದ್ದ ಎಮ್ಮೆ, ಎಲ್ಲವೂ ಕಿವಿಯಿಂದ ಇಳಿದು ನೇರ ಬೆರಳಿಗೆ ಹೋಗುತ್ತಿದ್ದವು. ನಡುವೆ ತಲೆ ಎಂಬ ಸ್ಟಾಪಿನಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಇದನ್ನು ಅವರು ದೋಷವೆಂದು ತಿಳಿದಿರಲಿಲ್ಲ. ತಲೆಗೆ ಹೋಗಿದ್ದರೆ ಮನೆಗೆ ಬಂದು ಊಟ ಮಾಡಲು ಆಗುತ್ತಿತ್ತೇ ಎಂದು ಕೇಳುತ್ತಿದ್ದರು.

ಕೋರ್ಟು ಅವರಿಗೆ ಕಲಿಸಿದ ಇನ್ನೊಂದು ಅಭ್ಯಾಸವೆಂದರೆ ಹೊಡೆದದ್ದನ್ನು ಕೊನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವುದು. ಹೇಳಿಕೆ ಕೊಟ್ಟವರು ‘ಓದಿ ಕೇಳಿಸಿದ್ದಾರೆ, ಸರಿಯಾಗಿದೆ’ ಎಂದು ಒಪ್ಪಿದ ಮೇಲೆಯೇ ರುಜುವೋ ಹೆಬ್ಬೆಟ್ಟೋ. ಸಂತೆಯಂಥ ಕೋರ್ಟ್ ಹಾಲಿನ ಕೊನೆಯ ಬೆಂಚಿಗೆ ಮುಟ್ಟುವಂತೆ ಓದಿ ಓದಿ ಅವರ ಗಂಟಲಿಗೆ ಸಣ್ಣ ದನಿ ಎಂಬುದೇ ಮರೆತುಹೋಗಿತ್ತು. ಚಂದ್ರಾ ಲೇಔಟಿನ ಬಾಡಿಗೆ ಮನೆಯಲ್ಲಿ ಅವರು ಗುಟ್ಟಾಗಿ ಹೇಳಿದ ಮಾತನ್ನು ಎದುರು ಮನೆಯವರು ಮಾರನೆಯ ದಿನ ತಿದ್ದಿ ಹೇಳುತ್ತಿದ್ದರು.

ನಿವೃತ್ತಿಯಾದ ಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಪಾಮ್‌ಟಾಪ್ ತಂದರು, ಅಂಗೈಯಗಲದ ಯಂತ್ರ. ಜೊತೆಗೆ ಮಡಿಸುವ ಕೀಬೋರ್ಡು. ಮಡಿಸಿದರೆ ಪಂಚಾಂಗದಷ್ಟು, ಬಿಡಿಸಿದರೆ ನಾಲ್ಕು ತುಂಡಾಗಿ ಚಾಚಿಕೊಂಡು, ಎರಡು ಪಕ್ಕಗಳನ್ನು ಒಳಕ್ಕೆ ಒತ್ತಿದ ಕೂಡಲೇ ಟಕ್ಕೆಂದು ಒಂದಾಗಿ, ಪೂರಾ ಅಳತೆಯ ಕೀಲಿಮಣೆ. ಅದರ ನೆತ್ತಿಯ ಮೇಲೆ ಪಾಮ್‌ಟಾಪನ್ನು ನಿಲ್ಲಿಸಿದರೆ ಕಚೇರಿ ತೆರೆದಂತೆ. ಅದರಲ್ಲಿ ಕನ್ನಡದ ಅಕ್ಷರವಿರಲಿಲ್ಲವಾದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದುಕೊಂಡು, ಮನೆಯ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ತಿರುಗಿಸಿ, ಪ್ರಿಂಟು ತೆಗೆದು ಕೊಡುತ್ತಿದ್ದರು. ಅಂಗಡಿಯವನು ಒಂದೇ ಒಂದು ಎಚ್ಚರಿಕೆ ಹೇಳಿದ್ದ.

"ಸೆಲ್ ಬದಲಾಯಿಸೋವಾಗ ಬೇಗ ಹಾಕ್ಬಿಡಿ ಸಾರ್. ಒಂದು ನಿಮಿಷ ದಾಟ್ತು ಅಂದ್ರೆ ಒಳಗಿರೋದೆಲ್ಲ ಹೋಯ್ತು. ಆಮೇಲೆ ಈಗ ತಾನೇ ಹುಟ್ಟಿದ ಕೂಸು, ಅಪ್ಪ ಯಾರು ಅಂದ್ರೂ ಗೊತ್ತಿರಲ್ಲ."

ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದು ಬದುಕಿದ ಮನುಷ್ಯನಿಗೆ ಈ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಕಿಸೆಯಲ್ಲಿ ಯಾವಾಗಲೂ ಎರಡು ಹೊಸ ಸೆಲ್ಲು ಇಟ್ಟುಕೊಂಡೇ ಓಡಾಡುತ್ತಿದ್ದರು.

ಕೆಲಸಕ್ಕೇನೂ ಬರವಿರಲಿಲ್ಲ. ಮೂಡಲಪಾಳ್ಯ, ನಾಗರಬಾವಿ ಕಡೆಯ ಹಳೆಯ ಹಳ್ಳಿಗಳ ಹೊಲಗಳೆಲ್ಲ ಸೈಟಾಗಿ, ಉಳಿದವು ಅಪಾರ್ಟ್‌ಮೆಂಟಾಗುತ್ತಿದ್ದ ಕಾಲ. ಜಮೀನು ಕೈ ಬದಲಾಗಬೇಕಾದರೆ ವಂಶವೃಕ್ಷ ಬೇಕು. ಅಜ್ಜನಿಂದ ಹಿಡಿದು ಮೊಮ್ಮಕ್ಕಳವರೆಗೆ ಯಾರು ಯಾರ ಮಕ್ಕಳು, ಯಾರಿದ್ದಾರೆ, ಯಾರಿಲ್ಲ ಎಂಬ ಪಟ್ಟಿ. ಜೊತೆಗೆ ಮನೆಯ ಹಿರಿಯರ ಹೇಳಿಕೆ. ಆ ಭಾಗದ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಕೊಂಬೆಗಳು ಹುಲುಸಾಗಿ ಬೆಳೆಯುತ್ತಿದ್ದವು, ಹೆಣ್ಣುಮಕ್ಕಳ ಕೊಂಬೆಗಳು ಮಾತ್ರ ಯಾವುದೋ ರೋಗ ತಗಲಿ ಒಣಗುತ್ತಿದ್ದವು. ಕೊಟ್ರಪ್ಪನವರು ಹೇಳಿದ್ದನ್ನು ಹೊಡೆಯುತ್ತಿದ್ದರು. ತೋಟಗಾರಿಕೆ ಅವರ ಇಲಾಖೆಯಲ್ಲ.

ಎರಡು ಸಾವಿರದ ನಾಲ್ಕನೇ ಇಸವಿ, ಮೇ ಇಪ್ಪತ್ತೊಂದು, ಶುಕ್ರವಾರ. ಮೂಡಲಪಾಳ್ಯದ ಕಾಂತರಾಜು ಕೊಟ್ರಪ್ಪನವರನ್ನು ಮನೆಗೆ ಕರೆಸಿದ್ದ. ನಲವತ್ತೈದರ ಆಳು, ಬಿಳಿ ಅಂಗಿ, ಮಾತಿನ ತುಂಬ ಮರ್ಯಾದೆ. ಅವನ ಅಪ್ಪ ತಿಮ್ಮಯ್ಯ ತೀರಿಕೊಂಡು ವರ್ಷವಾಗಿತ್ತು. ಉಳಿದಿದ್ದ ಒಂದೂವರೆ ಎಕರೆಗೆ ಬಿಲ್ಡರು ಬಂದಿದ್ದರು. ಈಗ ತಾಯಿ ಪಾಪಮ್ಮನ ಹೇಳಿಕೆಯೊಂದು ಬೇಕಾಗಿತ್ತು.

"ಒಂದು ಪುಟ ಅಷ್ಟೇ ಸಾರ್. ಒಬ್ಬನೇ ಮಗ, ಒಬ್ಬಳು ಮಗಳು ತೀರ್ಕೊಂಡಿದ್ದಾಳೆ, ಬೇರೆ ಯಾರೂ ಇಲ್ಲ ಅಂತ. ಆದ್ರೆ ಈಗ ಬೇಡ. ರಾಹುಕಾಲ, ಹನ್ನೆರಡರವರೆಗೆ ಇದೆ. ನಮ್ಮನೇಲಿ ರಾಹುಕಾಲದಲ್ಲಿ ಪೆನ್ನಿನ ಕ್ಯಾಪೂ ತೆಗೆಯಲ್ಲ. ಕಾಫಿ ಕುಡೀತಾ ಇರಿ, ಬಂದ್ಬಿಟ್ಟೆ."

ಹೀಗೆಂದು ಅವನು ಹೊರಗೆ ಹೋದ. ಕಾಫಿ ತಂದಿಟ್ಟ ಅವನ ಹೆಂಡತಿ ಕಲಾವತಿ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು. ಉಪ್ಸಾರಿಗೆ ಖಾರ ರುಬ್ಬುತ್ತಿದ್ದಿರಬೇಕು. ಹಾಲಿನವರೆಗೆ ಮೂಗು ಸುಡುವ ವಾಸನೆ. ಕೊಟ್ರಪ್ಪನವರು ಟೀಪಾಯಿಯ ಮೇಲೆ ಕೀಬೋರ್ಡು ಬಿಡಿಸಿದರು. ಗೋಡೆಗೆ ಒರಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಪಾಪಮ್ಮ ತಲೆಯೆತ್ತಿದಳು. ಎಪ್ಪತ್ತೈದು ದಾಟಿದ್ದ ಮುದುಕಿ. ಕಣ್ಣಿನ ಆಪರೇಷನ್ ಆದ ಮೇಲೆ ಕೊಟ್ಟ ಕಪ್ಪು ಕನ್ನಡಕ ಇನ್ನೂ ಹಾಕಿಕೊಂಡಿದ್ದಳು.

"ಏನಪ್ಪ ಅದು, ಹಾರ್ಮೋನಿಯಮ್ಮಾ?"

"ಅಲ್ರಿ ಅಮ್ಮಾರ. ಟೈಪ್ ಮಾಡೋ ಮಷೀನು."

"ಅದಕ್ಕೂ ರಾಹುಕಾಲ ಉಂಟಾ?"

"ಇದಕ್ಕೆ ಕರೆಂಟೂ ಬ್ಯಾಡ್ರಿ, ಕಾಲಾನೂ ಬ್ಯಾಡ. ಸೆಲ್ಲಿದ್ರ ಸಾಕು," ಎಂದು ಕೊಟ್ರಪ್ಪನವರು ನಕ್ಕರು. ಕೊಟ್ಟೂರು ಬಿಟ್ಟು ಮೂವತ್ತೈದು ವರ್ಷವಾಗಿದ್ದರೂ ಮಾತು ಊರು ಬಿಟ್ಟಿರಲಿಲ್ಲ.

ಮುದುಕಿ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ನೆಲದ ಮೇಲೆ ಜರುಗಿ ಹತ್ತಿರ ಬಂದಳು.

"ಹಂಗಾರೆ ಈಗ್ಲೇ ಬರ್ಕೊ. ಅವ್ನು ಬಂದ್ರೆ ಅವ್ನು ಹೇಳಿದ್ದೇ ಆಗ್ತದೆ. ನಂದು ಒಂದು ಮೊದ್ಲು ಬರ್ಕೊ. ನನ್ ಮಗ್ಳು ಗಂಗರತ್ನ ಸತ್ತಿಲ್ಲ. ಬದುಕವ್ಳೆ."

ಬೆರಳುಗಳು ಹೊಡೆದವು. ಕೊಟ್ರಪ್ಪನವರು ಯಥಾಪ್ರಕಾರ ಕೇಳಿಸಿಕೊಳ್ಳಲಿಲ್ಲ. ಆದರೆ ಮುದುಕಿಯ ದನಿಯಲ್ಲಿದ್ದ ಏನೋ ಒಂದು ಮೊದಲ ಬಾರಿಗೆ ತಲೆಯ ಸ್ಟಾಪಿನಲ್ಲಿ ಇಳಿಯಿತು.

ಹದಿನಾಲ್ಕು ವರ್ಷದ ಹಿಂದೆ ಗಂಗರತ್ನ, ಪೈಪ್‌ಲೈನ್ ಕೆಲಸಕ್ಕೆ ಬಂದು ಇವರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ವೀರೇಶ ಎಂಬ ಉತ್ತರ ಕರ್ನಾಟಕದ ಕಡೆಯ ಹುಡುಗನ ಜೊತೆ ಹೋಗಿ ಮದುವೆಯಾಗಿದ್ದಳು. ಕಾಂತರಾಜು ಮೂರು ತಿಂಗಳು ಹುಡುಕಿದ್ದ, ಗಾಡಿಯ ಸೀಟಿನ ಕೆಳಗೆ ಮಚ್ಚು ಇಟ್ಟುಕೊಂಡು. ಸಿಗಲಿಲ್ಲ. ಕೊನೆಗೆ ಮನೆಯವರು ಬದುಕಿದ್ದವಳಿಗೇ ತಲೆ ಮೇಲೆ ನೀರು ಹುಯ್ದುಕೊಂಡು ಹನ್ನೊಂದನೆಯ ದಿನದ ತಿಥಿ ಮಾಡಿದರು. ಮುನ್ನೂರು ಜನ ಬಂದಿದ್ದರು. ಊಟ ಚೆನ್ನಾಗಿತ್ತು ಎಂದು ಹೇಳಿ ಹೋಗಿದ್ದರು.

"ಆವತ್ತು ಅವ್ಳು ಸಿಕ್ಕಿದ್ರೆ ತಿಥಿಗೆ ಹೆಣಾನೂ ಇರ್ತಿತ್ತು ಕಣಪ್ಪ," ಎಂದಳು ಪಾಪಮ್ಮ. "ಮೊನ್ನೆ ಕೆಂಗೇರೀಲಿ ಕಣ್ಣಿನ ಕ್ಯಾಂಪು. ಪಟ್ಟಿ ಕಟ್ಟಿ ಮಲಗ್ಸಿದ್ರು. ಯಾರೋ ಬಂದು ಕೈ ಹಿಡ್ಕೊಂಡು ‘ಅವ್ವ’ ಅಂದ್ರು. ಕಣ್ಣು ಯಾಕ್ ಬೇಕು? ಗೊತ್ತಾಗೋಯ್ತು. ಅವ್ಳಿಗೊಂದು ಹೆಣ್ಣು ಕೂಸದೆ, ಪಾಪು ಅಂತ ನನ್ ಹೆಸರೇ ಇಟ್ಟವ್ಳೆ. ಅವ್ಳು ನೆಲ ಕೇಳ್ತಿಲ್ಲ. ನಾನು ಹೇಳ್ತಿವ್ನಿ. ನಾನು ಇರೋ ತಂಕ ನನ್ ಹೆಬ್ಬೆಟ್ಟು ಒತ್ತಿ ಅವ್ಳನ್ನ ಸಾಯ್ಸಾಕಿಲ್ಲ. ಒಂದ್ಸಲ ಆಯ್ತಲ್ಲ, ಸಾಕು."

ಕೊಟ್ರಪ್ಪನವರು ತಲೆಯಾಡಿಸಿದರು. ನಂತರ ಮೂವತ್ತೆರಡು ವರ್ಷದ ನಮೂನೆ ತಾನಾಗಿ ಬಾಯಿಗೆ ಬಂತು.

"ಗಂಡನ ಹೆಸರು ವೀರೇಶ. ವಯಸ್ಸು ಮೂವತ್ತಾರು ಅಂತ ಬರೀತೀನಿ. ವಾಸ?"

ವಾಸವನ್ನು ಬರೆಯದ ಹೇಳಿಕೆಯನ್ನು ಅವರು ಜೀವಮಾನದಲ್ಲಿ ಹೊಡೆದಿರಲಿಲ್ಲ. ಪಾಪಮ್ಮ ಅಡಿಕೆ ಚೀಲದ ಒಳಗಿನ ಚೀಲದಿಂದ ಮಡಿಸಿದ ಚೀಟಿಯೊಂದನ್ನು ತೆಗೆದಳು. ಮಗಳೇ ಬರೆದುಕೊಟ್ಟದ್ದು. ಕೊಟ್ರಪ್ಪನವರು ನೋಡಿಕೊಂಡು ಹೊಡೆದರು. ಕೆಂಗೇರಿ ಉಪನಗರ, ಮನೆ ನಂಬರು, ಅಡ್ಡರಸ್ತೆ.

"ನಿನ್ ಪೆಟ್ಟಿಗೇಲಿ ಬಂತಾ?"

"ಬಂತ್ರಿ."

"ಹಂಗಾರೆ ಇದು ಈ ಮನೇಲಿ ಇರೋದು ಬ್ಯಾಡ." ಮುದುಕಿ ಚೀಟಿಯನ್ನು ಚೂರು ಚೂರು ಹರಿದು ಉಗುಳುವ ಡಬ್ಬಿಗೆ ಹಾಕಿ, ಮೇಲೆ ಎಲೆಯಡಿಕೆ ಉಗಿದಳು. "ನಾಳೆ ಆಂಜಪ್ಪನ ಗುಡಿ ತಾವ ಪ್ರಿಂಟು ತಗೊಂಡ್ ಬಾ. ಹೆಬ್ಬೆಟ್ಟು ಒತ್ತಿಕೊಡ್ತೀನಿ. ನೀನೇ ತಾಲ್ಲೂಕಾಫೀಸಿಗೆ ಕೊಡು."

"ಆತು. ಓದಿ ಹೇಳ್ತೀನಿ, ಸರಿ ಐತೇನು ಕೇಳ್ರಿ."

ಅವರು ಓದತೊಡಗಿದರು. ಮಿಕ್ಸಿ ಗರಗರ ಎನ್ನುತ್ತಿತ್ತು. ಅದನ್ನು ಮೀರಿಸಲೆಂಬಂತೆ ದನಿ ತಾನೇ ಮೇಲಕ್ಕೆ ಹೋಯಿತು. ತಿಥಿಯ ಸಂಗತಿ ಮುಗಿದು ವಿಳಾಸಕ್ಕೆ ಬರುವ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಮಿಕ್ಸಿ ನಿಂತಿತು. ಮನೆಯ ಕಂಪ್ಯೂಟರಾಗಿದ್ದರೆ ಅದೂ ಆರಿ, ಕೊಟ್ರಪ್ಪನವರೂ ಬಾಯಿ ಮುಚ್ಚುತ್ತಿದ್ದರು. ಪಾಮ್‌ಟಾಪಿನ ಗಾಜು ಮಾತ್ರ ಹಸಿರಾಗಿ ಬೆಳಗುತ್ತಲೇ ಇತ್ತು. ಅವರು ಆ ನಿಶ್ಶಬ್ದದಲ್ಲಿ, ಕೊನೆಯ ಬೆಂಚಿಗೆ ಮುಟ್ಟುವಂತೆ, ಮನೆ ನಂಬರನ್ನೂ ಅಡ್ಡರಸ್ತೆಯನ್ನೂ ಓದಿ ಮುಗಿಸಿದರು.

"ಓದಿ ಕೇಳಿಸಿದ್ದಾರೆ, ಸರಿಯಾಗಿದೆ ಅನ್ರಿ ಅಮ್ಮಾರ."

ಪಾಪಮ್ಮನ ಕಪ್ಪು ಕನ್ನಡಕ ಅಡುಗೆಮನೆಯ ಕಡೆ ತಿರುಗಿತ್ತು.

ಬಾಗಿಲಿನ ಪರದೆ ಅಲ್ಲಾಡಲಿಲ್ಲ. ಒಳಗೆ ಪಾತ್ರೆಯ ಸದ್ದೂ ಇಲ್ಲ. ಸ್ವಲ್ಪ ಹೊತ್ತಿನ ನಂತರ ಕಾಗದ ಹರಿದ ಸದ್ದೊಂದು ಬಂತು. ಒಂದೇ ಎಳೆತ, ನೀಟಾಗಿ. ಆಮೇಲೆ ಫೋನಿನ ಗುಂಡಿ ಒತ್ತಿದ ಸದ್ದು, ಪಿಸುಮಾತು.

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಕಾಂತರಾಜು ಬಂದ. ಮನೆಯ ಮುಂದೆ ಬಿಳಿ ಸುಮೋ ನಿಂತಿತ್ತು. ಅದರಲ್ಲಿದ್ದ ಇಬ್ಬರು ಇಳಿಯಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಡುಗೆಮನೆಗೆ ಒಮ್ಮೆ ಹೋಗಿ ಬಂದು, ಕೊಟ್ರಪ್ಪನವರ ಎದುರಿನ ಕುರ್ಚಿಯಲ್ಲಿ ಕೂತು, ಕೈ ಚಾಚಿದ.

"ಅವ್ವ ಏನೇನೋ ಬರೆಸಿದ್ರಂತೆ ಸಾರ್. ವಯಸ್ಸಾಯ್ತಲ್ಲ. ಕೊಡಿ, ನೋಡಣ."

ಕೊಟ್ರಪ್ಪನವರು ಪಾಮ್‌ಟಾಪನ್ನು ಕೀಬೋರ್ಡಿನಿಂದ ಕಳಚಿಕೊಂಡರು. ಕೊಡಲು ಕೈ ಮುಂದೆ ಹೋಯಿತು. ನಡುವೆ ಎಲ್ಲೋ ಅವರ ಹೆಬ್ಬೆರಳು ಹಿಂದಿನ ಮುಚ್ಚಳವನ್ನು ಜಾರಿಸಿತು. ಎರಡು ಸೆಲ್ಲು ಅಂಗೈಗೆ ಬಿದ್ದವು. ಮುಷ್ಟಿ ಮುಚ್ಚಿಕೊಂಡರು.

"ಅಯ್ಯ, ಸೆಲ್ಲು ವೀಕ್ ಆಗ್ಯಾವ. ಒಂದ್ ನಿಮಿಷ ತಡೀರಿ, ಬೇರೆ ಹಾಕ್ತೀನಿ," ಎಂದರು.

ಎದುರಿನ ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಮೂರರ ಮೇಲಿತ್ತು. ಕೊಟ್ರಪ್ಪನವರು ಅಂಗಿಯ ಕಿಸೆ ತಡವಿದರು. ಪ್ಯಾಂಟಿನ ಕಿಸೆ ತಡವಿದರು. ಮುಳ್ಳು ಆರಕ್ಕೆ ಬಂತು. ಹೊಸ ಸೆಲ್ಲು ಸಿಕ್ಕವು. ಅವುಗಳ ಪ್ಲಾಸ್ಟಿಕ್ಕು ಹರಿಯಲಿಲ್ಲ. ಹಲ್ಲಿನಲ್ಲಿ ಕಚ್ಚಿದರು.

"ಯಾವೂರು ಸಾರ್ ನಿಮ್ದು?" ಎಂದ ಕಾಂತರಾಜು, ನಿರಾಳವಾಗಿ.

"ಕೊಟ್ಟೂರ್ರಿ."

"ಓ. ಆ ಕಡೆಯೋರು ಒಬ್ರು ನಮ್ಮನೇಲಿ ಬಾಡಿಗೆಗಿದ್ರು."

ಮುಳ್ಳು ಒಂಬತ್ತು, ಹನ್ನೆರಡು ದಾಟಿ ಮತ್ತೆ ಮೂರಕ್ಕೆ ಬಂತು. ಇರಲಿ ಎಂದು ಆರರವರೆಗೆ ಕಾದು ಸೆಲ್ಲು ಹಾಕಿ ಕೊಟ್ಟರು. ಗಾಜಿನ ಮೇಲೆ ಒಂದು ಚುಕ್ಕೆ ಮೂಡಿ, ಮುಟ್ಟು ಎನ್ನುತ್ತಿತ್ತು. ಇವತ್ತು ಯಾವ ದಿನ, ಗಂಟೆ ಎಷ್ಟು ಎಂದು ಕೇಳುತ್ತಿತ್ತು. ಈಗ ತಾನೇ ಹುಟ್ಟಿದ ಕೂಸು.

"ಎಲ್ಲಾ ಹೋತಲ್ರಿ!" ಎಂದರು ಕೊಟ್ರಪ್ಪನವರು, ತಕ್ಕಮಟ್ಟಿಗೆ ಚೆನ್ನಾಗಿಯೇ.

ಕಾಂತರಾಜು ಕೂಗಾಡಲಿಲ್ಲ. ಆ ಚುಕ್ಕೆಯನ್ನು ಸ್ವಲ್ಪ ಹೊತ್ತು ನೋಡಿ, ನಕ್ಕು, ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ.

"ಬಿಡಿ ಸಾರ್. ಮಷೀನು ಹೋದ್ರೆ ಏನಾಯ್ತು, ನಿಮ್ಮ ಗಂಟಲು ಚೆನ್ನಾಗಿದೆಯಲ್ಲ. ಅಡುಗೆಮನೆಗೆ ಪೂರ್ತಿ ಕೇಳಿಸ್ತು."

ಆಗ ಕೊಟ್ರಪ್ಪನವರ ಕಣ್ಣು ಪರದೆಯ ಸಂದಿಯಿಂದ ಅಡುಗೆಮನೆಯೊಳಗಿನ ಕ್ಯಾಲೆಂಡರಿಗೆ ಬಿತ್ತು. ಬೆಳಿಗ್ಗೆ ಬಂದಾಗ ಅಲ್ಲಿ ಮೇ ಇತ್ತು. ಹಾಲು ಹಾಕಿಸಿಕೊಂಡ ದಿನಗಳಿಗೆಲ್ಲ ಪೆನ್ಸಿಲಿನ ಗುರುತಿತ್ತು. ತಿಂಗಳು ಮುಗಿಯಲು ಇನ್ನೂ ಹತ್ತು ದಿನವಿದ್ದರೂ ಅಲ್ಲಿ ಈಗ ಜೂನ್ ಬಂದಿತ್ತು.

"ನೋಡಿ ಸಾರ್, ಏನೂ ತಿಳ್ಕೋಬೇಡಿ. ಸುಮ್ನೆ ಹೋಗಿ ಒಂದು ಮಾತಾಡ್ಕೊಂಡು ಬರೋದು ಅಷ್ಟೇ. ನಮ್ಮನೇಲಿ ತಿಥಿ ಆದೋರು ಯಾರೂ ಇದುವರೆಗೂ ವಾಪಸ್ ಬಂದಿರ್ಲಿಲ್ಲ. ಮೊದಲನೇ ಕೇಸು." ಅವನು ಎದ್ದ. "ಕಲಾ, ಎಲೆ ಹಾಕು. ಹುಡುಗರನ್ನೂ ಕರಿ. ಮೂರಕ್ಕೆ ಯಮಗಂಡ, ಅಷ್ಟರೊಳಗೆ ಹೋಗ್ಬರಣ. ನೀವೂ ಕೂತ್ಕೊಳ್ಳಿ ಸಾರ್, ಮುದ್ದೆ ಉಪ್ಸಾರು. ಆಮೇಲೆ ಬೇಕಾದ್ರೆ ಬಿಟ್ಟು ಹೋಗ್ತೀವಿ, ನಾವೂ ಮೈಸೂರು ರೋಡ್ ಕಡೆನೇ."

ಪಾಪಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಪಕ್ಕದಲ್ಲಿ ಸೊಸೆ ಬಂದು ನಿಂತಿದ್ದಳು, ತೋಳಿನ ಮೇಲೆ ಕೈಯಿಟ್ಟು, ಬಹಳ ಮೃದುವಾಗಿ.

ಹೊಟ್ಟೆ ಸರಿಯಿಲ್ಲವೆಂದು ಹೇಳಿ ಕೊಟ್ರಪ್ಪನವರು ಹೊರಬಿದ್ದರು. ಮೂಲೆ ತಿರುಗುವವರೆಗೆ ನಡೆದರು, ತಿರುಗಿದ ಮೇಲೆ ಓಡಿದರು. ಆಟೋ ಸಿಕ್ಕಿತು. "ಕೆಂಗೇರಿ ಉಪನಗರ, ಲಗೂನ ನಡಿಯಪ್ಪ."

"ಉಪನಗರದಲ್ಲಿ ಎಲ್ಲಿ ಸಾರ್?"

ಅಲ್ಲಿಯೇ ಸಿಕ್ಕಿಬಿದ್ದರು. ನಂಬರು ನೆನಪಿರಲಿಲ್ಲ. ಅಡ್ಡರಸ್ತೆ ನೆನಪಿರಲಿಲ್ಲ. ಕಣ್ಣಾರೆ ನೋಡಿ, ಕೈಯಾರೆ ಹೊಡೆದು, ಬಾಯಾರೆ ಓದಿದ್ದರು, ತಲೆಯಲ್ಲಿ ಒಂದಕ್ಷರವಿಲ್ಲ. ಚೀಟಿ ಉಗುಳಿನಲ್ಲಿತ್ತು. ಯಂತ್ರವನ್ನು ತಾವೇ ಖಾಲಿ ಮಾಡಿದ್ದರು. ಈಗ ಆ ವಿಳಾಸ ಲೋಕದಲ್ಲಿ ಉಳಿದಿದ್ದದ್ದು ಮೇ ತಿಂಗಳ ಒಂದು ಹಾಳೆಯ ಮೇಲೆ. ಅದು ಕಾಂತರಾಜುವಿನ ಬಿಳಿ ಅಂಗಿಯ ಕಿಸೆಯಲ್ಲಿ ಮುದ್ದೆ ಊಟಕ್ಕೆ ಕೂತಿತ್ತು. ಪೊಲೀಸರ ಹತ್ತಿರ ಹೋಗೋಣವೆಂದರೆ, ಅಣ್ಣನೊಬ್ಬ ತಂಗಿಯ ಮನೆಗೆ ಹೋಗುತ್ತಿದ್ದಾನೆ ಎಂಬ ದೂರನ್ನು ಯಾವ ಸ್ಟೇಷನ್ನು ಬರೆದುಕೊಳ್ಳುತ್ತದೆ? ಯಾವ ತಂಗಿ, ಎಲ್ಲಿಯ ಮನೆ ಎಂದರೆ ಹೇಳುವುದೇನು?

ಉಪನಗರದ ಬಸ್‌ಸ್ಟಾಪಿನಲ್ಲಿ ಇಳಿದಾಗ ಹನ್ನೆರಡೂವರೆ. ಕಲ್ಲುಬೆಂಚಿನ ಮೇಲೆ ಕೂತು, ಕೀಬೋರ್ಡನ್ನು ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಅದು ನಡುವೆ ಕುಸಿಯಿತು. ಗಟ್ಟಿ ಮೇಜಿಲ್ಲದೆ ನಿಲ್ಲದ ಜಾತಿ. ಬೆಂಚಿನ ಮೇಲಿಟ್ಟು ತಾವು ನೆಲದಲ್ಲಿ ಮಂಡಿಯೂರಿದರು. ಪಾಮ್‌ಟಾಪ್ ಜೋಡಿಸಲಿಲ್ಲ. ಕಣ್ಣು ಮುಚ್ಚಿ, ಮುದುಕಿಯ ಮಾತನ್ನು ಮುದುಕಿಯ ರಾಗದಲ್ಲಿಯೇ ಗೊಣಗಿದರು. ‘ಒಂದ್ಸಲ ಆಯ್ತಲ್ಲ, ಸಾಕು.’ ಆಮೇಲೆ ತಮ್ಮ ರಾಗದಲ್ಲಿ, ‘ವಾಸ?’

ಬೆರಳುಗಳು ನಡೆದವು. ಕೊಟ್ರಪ್ಪನವರು ಕಣ್ಣು ತೆರೆದು, ಯಾರದೋ ಕೈಯನ್ನು ಕದ್ದು ನೋಡುವವರಂತೆ ನೋಡಿದರು. ಎಡಗೈಯ ಬೆರಳೊಂದು ಮೇಲಿನ ಸಾಲಿಗೆ ಹೋಗಿ ಎರಡನ್ನು ಮುಟ್ಟಿತು. ಬಲಗೈಯ ತೋರುಬೆರಳು ನಡುವಿನ ಮಡಿಕೆಯ ಹತ್ತಿರ ತಡವರಿಸಿತು. ಮತ್ತೆ ಎಡಗೈ, ನಾಲ್ಕು. ನಂತರ ಅಡ್ಡರಸ್ತೆ, ಐದು, ಏನೂ ಅನುಮಾನವಿಲ್ಲ.

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹುಡುಗರು ನೋಡುತ್ತಿದ್ದರು. "ಏನ್ ಗುರು, ಸ್ವಿಚ್ಚೇ ಹಾಕಿಲ್ಲ, ಮೆಸೇಜ್ ಕಳಿಸ್ತಾವ್ರೆ."

"ಮೇಲಕ್ಕೆ ಕಳಿಸ್ತಿರ್ಬೇಕು ಕಣೋ ಮಗಾ, ಡೈರೆಕ್ಟ್."

ಇನ್ನೆರಡು ಸಲ ಹೊಡೆದರು. ಮಡಿಕೆಯ ಬಳಿ ಬೆರಳು ಪ್ರತಿ ಸಲವೂ ಆ ಸಂದಿಗೇ ಬಿದ್ದಿತು. ಒಂದು ಕಡೆ ಆರು, ಇನ್ನೊಂದು ಕಡೆ ಏಳು. ಇನ್ನೂರ ಅರವತ್ನಾಲ್ಕೋ, ಇನ್ನೂರ ಎಪ್ಪತ್ನಾಲ್ಕೋ. ಯಾವುದಾದರೇನು, ಎರಡನ್ನೂ ನೋಡಿದರಾಯಿತು ಎಂದು ಕೀಬೋರ್ಡು ಮಡಿಸಿ ಎದ್ದರು.

ಐದನೇ ಅಡ್ಡರಸ್ತೆಯ ಇನ್ನೂರ ಅರವತ್ನಾಲ್ಕರಲ್ಲಿ ನಿವೃತ್ತ ಮೇಷ್ಟರೊಬ್ಬರು ಗೇಟಿಗೆ ಬಂದು, ಯಾವ ಗಂಗರತ್ನ, ಯಾವ ವೀರೇಶ, ನೀವು ಯಾರು, ಯಾಕೆ ಬೇಕು ಎಂದೆಲ್ಲ ವಿಚಾರಿಸಿ, ಎಪ್ಪತ್ತರ ಸಾಲು ಪಾರ್ಕಿನ ಆಚೆ ಕಡೆ ಇದೆಯೆಂದು ದಾರಿ ತೋರಿಸುವಾಗ ತಮ್ಮ ಮನೆಯ ಖಾತೆಯ ತೊಂದರೆಯನ್ನೂ ಹೇಳಿದರು. ಹದಿನೈದು ನಿಮಿಷ ಹೋಯಿತು. ಅಷ್ಟರಲ್ಲಿ ಬೀದಿಯಲ್ಲಿ ಎರಡು ಬಿಳಿ ಸುಮೋ ಹಾದುಹೋದವು. ಆ ವರ್ಷ ಬೆಂಗಳೂರಿನಲ್ಲಿ ಬಿಳಿ ಸುಮೋಗಳು ಕಾಗೆಗಳಷ್ಟಿದ್ದವು.

ಇನ್ನೂರ ಎಪ್ಪತ್ನಾಲ್ಕು ಒಂದು ವಠಾರ. ಹಿಂದಿನ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲಿನ ಮೇಲೆ ಪಕ್ಕದ ಮನೆಯ ಹೆಂಗಸೊಬ್ಬಳು ಅಕ್ಕಿ ಆರಿಸುತ್ತ ಕೂತಿದ್ದಳು.

"ಗಂಗರತ್ನಮ್ಮ?"

"ಈಗ ತಾನೇ ಹೋದ್ಲು ಸಾರ್, ಹತ್ತು ನಿಮಿಷ ಆಗಿಲ್ಲ. ಅವ್ಳ ಅಣ್ಣ ಬಂದಿದ್ರು, ಕಾರ್ ತಗೊಂಡು. ಅವ್ವನಿಗೆ ಸೀರಿಯಸ್ಸಂತೆ, ಮಗಳನ್ನ ನೋಡ್ಬೇಕು ಅಂತಿದಾರಂತೆ. ಹದಿನಾಲ್ಕು ವರ್ಷ ಆದ್ಮೇಲೆ ಅಣ್ಣ ಬಾಗಿಲಿಗೆ ಬಂದ ಅಂತ ಕಾಲಿಗೆ ಬಿದ್ದು ಅತ್ತುಬಿಟ್ಲು, ಪಾಪ. ಚಪ್ಪಲೀನೂ ಹಾಕ್ಕೊಂಡಿಲ್ಲ ನೋಡಿ. ಒಳ್ಳೆ ಮನುಷ್ಯ ಸಾರ್, ಬೈಯೋದಿರ್ಲಿ, ತಂಗಿ ತಲೆ ಸವರಿದ್ರು."

"ಕೂಸು?"

"ಅದನ್ನೂ ಕರ್ಕೊಂಡು ಹೋದ್ರು, ಅಜ್ಜಿ ನೋಡ್ಲಿ ಅಂತ. ಅನ್ನಕ್ಕಿಟ್ಟಿದ್ಲು, ಕುಕ್ಕರ್ ಮೂರು ಸಲ ಕೂಗಿದ್ರೆ ಆಫ್ ಮಾಡಿ ಆಂಟಿ ಅಂತ ಹೇಳಿ ಹೋದ್ಲು. ಎರಡಾಗಿದೆ."

"ಗಾಡಿ ನಂಬರು ನೋಡೀರೇನ್ರಿ? ಯಾ ಕಡೆ ತಿರುಗಿತು?"

"ನಂಬರ್ ಯಾರ್ ನೋಡ್ತಾರೆ ಸಾರ್, ಅಣ್ಣ ಅಂದ್ಮೇಲೆ?" ಅವಳು ಯೋಚಿಸಿದಳು. "ಹೌದು, ಆಸ್ಪತ್ರೆ ಊರೊಳಗೆ ಅಂದ್ರು, ಆದ್ರೆ ಗಾಡಿ ಊರಾಚೆ ಬಿಡದಿ ಕಡೆ ತಿರುಗಿಸ್ಕೊಂಡ್ರಪ್ಪ. ಇದೇನು ಆ ಕಡೆ ಅಂತ ನಾನೂ ಅಂದ್ಕೊಂಡೆ."

ಕೊಟ್ರಪ್ಪನವರು ಹೊಸ್ತಿಲಿನ ಪಕ್ಕದ ಕಲ್ಲಿನ ಮೇಲೆ ಕೀಬೋರ್ಡು ಬಿಡಿಸಿದರು. ಪಾಮ್‌ಟಾಪ್ ಜೋಡಿಸಿ, ಚುಕ್ಕೆಯನ್ನು ಮುಟ್ಟಿ, ಅದು ಕೇಳಿದ ದಿನಾಂಕವನ್ನೂ ಗಂಟೆಯನ್ನೂ ಹೇಳಿದರು. ಒಂದೂ ಐದು. ಸೆಲ್ಲು ಜಾರದಂತೆ ಹಿಂದಿನ ಮುಚ್ಚಳಕ್ಕೆ ಕರವಸ್ತ್ರ ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ಗಂಡನಿಗೆ ಕೆಲಸ ಎಲ್ಲಿ, ಯಾವ ಶಿಫ್ಟು, ಅಣ್ಣನ ಜೊತೆ ಎಷ್ಟು ಜನ, ಅವಳು ಉಟ್ಟಿದ್ದ ಸೀರೆ ಯಾವುದು, ಕೂಸಿನ ಫ್ರಾಕಿನ ಬಣ್ಣವೇನು ಎಂದು ಒಂದೊಂದಾಗಿ ಕೇಳಿ ಹೊಡೆದರು. ಈ ಸಲ ಒಂದೊಂದು ಮಾತೂ ತಲೆಯಲ್ಲಿ ಇಳಿದು ಅಲ್ಲೇ ನಿಂತಿತು. ಹೆಂಗಸಿನ ಕೈ ಅಕ್ಕಿಯ ಮೊರದಲ್ಲಿ ನಿಧಾನವಾಗತೊಡಗಿತು.

"ಯಾಕ್ ಸಾರ್ ಇದೆಲ್ಲ ಕೇಳ್ತಿದೀರಾ? ಏನ್ ಬರ್ಕೊಂಡ್ರಿ? ಸ್ವಲ್ಪ ಓದಿ ಹೇಳಿ."

ಕೊಟ್ರಪ್ಪನವರು ಬೀದಿಯ ಎರಡೂ ಕಡೆ ನೋಡಿದರು. ಒಳಗೆ ಕುಕ್ಕರು ಮೂರನೆಯ ಸಲ ಕೂಗಿತು. ಅವರು ಓದಲಿಲ್ಲ.